ಕೈಯಲ್ಲಿ ಉಳಿದ ಟುವಾಲು

ಹೊಸ ಟುವಾಲಿನ ಗಂಜಿಯ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಹೊಳೆ ನೆನಪಾಗುತ್ತದೆ. ಕಳೆದ ಶನಿವಾರ ಅಂಕೋಲೆಯ ಪೇಟೆಯಲ್ಲಿ ಜವಳಿ ಅಂಗಡಿಯೊಂದರ ಮೆಟ್ಟಿಲು ಹತ್ತಿ, ಕೆಂಪು ಚೌಕಳಿಯ ಟುವಾಲು ಬೇಕೆಂದೆ. ಅಂಗಡಿಯವರು ನಾಲ್ಕು ತೆಗೆದು ಮುಂದಿಟ್ಟರು. ಅಷ್ಟರಲ್ಲಿ ಎದುರಿನ ಓಣಿಯಿಂದ ಉತ್ಸವದ ವಂತಿಗೆ ಎತ್ತುವವರ ಗುಂಪು ಬರುವುದು ಅವರ ಕಣ್ಣಿಗೆ ಬಿತ್ತು. “ಮಾಸ್ತರ್ರೇ, ಐದು ನಿಮಿಷ ನಾ ಎಸ್ಕೇಪ್. ಕೇಳಿದ್ರೆ ಕಾರವಾರಕ್ಕೆ ಹೋಗಿದ್ದಾರೆ ಹೇಳಿ” ಎಂದವರೇ ಹಿಂದಿನ ಕೋಣೆಗೆ ನುಸುಳಿದರು. ನಾನು ಟುವಾಲನ್ನು ಮೂಗಿಗೆ ಹಿಡಿದು, ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದ ಬಾಯಿಂದ, ಕಾರವಾರಕ್ಕೆ ಹೋಗಿದ್ದಾರೆ ಎಂದೆ. ಗುಂಪಿನವರು ಬಾಗಿಲಲ್ಲಿದ್ದ ಅಂಗಡಿಯವರ ಚಪ್ಪಲಿಯನ್ನು ನೋಡಿದರು, ನನ್ನನ್ನು ನೋಡಿದರು, ನಕ್ಕು ಮುಂದೆ ಹೋದರು.

ಚಪ್ಪಲಿ ಬಿಟ್ಟು ಓಡಿದವನ ಎಸ್ಕೇಪು ಅರ್ಧ ಎಸ್ಕೇಪೇ ಎಂದು ನೀವು ನಗಬಹುದು. ಆದರೆ ಏನನ್ನಾದರೂ ಬಿಟ್ಟು ಹೋಗುವುದೇ ಈ ಪದದ ಹುಟ್ಟುಗುಣ. ಅದು ನನಗೆ ಗೊತ್ತಾದದ್ದು ತಡವಾಗಿ. ಗೊತ್ತಾಗುವ ಮೊದಲು ಅದೇ ಪದದಿಂದ ಒಬ್ಬ ಹೆಂಗಸಿನ ಹೆಸರಿಗೆ ಮಸಿ ಬಳಿದಿದ್ದೆ. ಟುವಾಲು ಯಾಕೆ ಕೊಂಡೆ ಎಂಬುದಕ್ಕೂ ಅದೇ ಕಾರಣ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಹುಟ್ಟಿದ್ದು ಕಾರವಾರದಲ್ಲಿ, ಸಮುದ್ರದ ಸದ್ದು ಅಡುಗೆಮನೆಯವರೆಗೆ ಕೇಳುವ ಓಣಿಯಲ್ಲಿ. ಆದರೂ ಈಜು ಬಾರದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷ್ ಹೀಗೆ ಮೂರು ಭಾಷೆಯಲ್ಲಿ ಈಜುತ್ತೇನೆ, ನೀರಿನಲ್ಲಿ ಮಾತ್ರ ಕಲ್ಲು. ಅಮ್ಮ ನನ್ನನ್ನು ಮೊಣಕಾಲು ನೀರಿನಾಚೆ ಬಿಟ್ಟವಳಲ್ಲ. ದೊಡ್ಡವನಾದ ಮೇಲೆ ಅಮ್ಮನ ಹೆಸರು ಹೇಳಿಕೊಂಡು ನಾನೇ ಹೋಗಲಿಲ್ಲ. ಇಂಥವನಿಗೆ ಸರಕಾರ ಮೊದಲ ನೌಕರಿ ಕೊಟ್ಟದ್ದು ಗಂಗಾವಳಿ ಹೊಳೆಯ ಆಚೆ ದಡದ ಹೈಸ್ಕೂಲಿನಲ್ಲಿ. ಅಂಕೋಲೆಯಲ್ಲಿ ಮನೆ ಮಾಡಿದೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮಂಜಗುಣಿಗೆ ಹೋಗಿ ಅಲ್ಲಿಂದ ದೋಣಿ ದಾಟಬೇಕು. ಆಗ ಅಲ್ಲಿ ಸೇತುವೆ ಇರಲಿಲ್ಲ.

ಆ ದೋಣಿ ತುಳಸಕ್ಕನದು. ಗಂಡ ದೋಣಿ ನಡೆಸುತ್ತಿದ್ದವನು, ಲಕ್ವ ಹೊಡೆದು ಮಲಗಿದ ಮೇಲೆ ದೋಣಿ ನೂಕುವ ಬಿದಿರ ಗಳ ಇವಳ ಕೈಗೆ ಬಂತು. ಎತ್ತರದ ಹೆಂಗಸು, ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಹೆಗಲ ಮೇಲೊಂದು ಕೆಂಪು ಚೌಕಳಿಯ ಟುವಾಲು ಹಾಕಿಕೊಂಡು ನಿಲ್ಲುತ್ತಿದ್ದಳು. ಮಾತು ಕಡಿಮೆ. ನಾನು ದೋಣಿ ಹತ್ತಿದರೆ ಮಾತ್ರ ಒಂದು ಮಾತು ಖಾಯಂ, “ನಡೂಕೆ ಕುತ್ಕಳಿ, ಮಾಸ್ತರ್ರೇ. ಏಳೂಕಿಲ್ಲ.” ನಾನು ಕೊಡೆ, ಬುತ್ತಿ, ಪುಸ್ತಕದ ಚೀಲಗಳನ್ನು ಅವುಚಿಕೊಂಡು, ಕಣ್ಣನ್ನು ಆಚೆ ದಡಕ್ಕೆ ನೆಟ್ಟು, ನಡುವೆ ಕೂರುತ್ತಿದ್ದೆ.

ಮಳೆಗಾಲದ ಕೊನೆಯ ಒಂದು ದಿನ, ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳ ಕಟ್ಟು ನನ್ನ ತೊಡೆಯಿಂದ ಜಾರಿತು. ಏಳಬಾರದು ಎಂಬುದು ಮರೆತುಹೋಯಿತು. ಎದ್ದೆ, ಬಾಗಿದೆ, ಕಟ್ಟಿನ ಹಿಂದೆಯೇ ನಾನೂ ನೀರಿಗೆ ಬಿದ್ದೆ. ದೋಣಿಯಲ್ಲಿ ಇನ್ನೂ ಏಳೆಂಟು ಜನರಿದ್ದರು, ಅವರಿಗೆ ಏನೂ ಆಗಲಿಲ್ಲ. ಬಿದ್ದವನು ನಾನೊಬ್ಬನೇ. ಒಂಬತ್ತನೆಯ ತರಗತಿಯವರು ಇವತ್ತಿಗೂ ಎಲ್ಲಾದರೂ ಸಿಕ್ಕಿದರೆ ಆ ಪರೀಕ್ಷೆಯನ್ನು ನೆನೆದು ಕೈಮುಗಿಯುತ್ತಾರೆ.

ತುಳಸಕ್ಕ ಹಾರಿದ್ದು ನನಗೆ ಗೊತ್ತು. ಅವಳು ಚಾಚಿದ ಟುವಾಲಿನ ತುದಿ ನನ್ನ ಕೈಗೆ ಸಿಕ್ಕಿತು. ಆದರೆ ಮುಳುಗುವವನಿಗೆ ಟುವಾಲು ಸಾಲುತ್ತದೆಯೇ? ಅದನ್ನೇ ಎಳೆದುಕೊಂಡು ಅವಳ ಕುತ್ತಿಗೆಗೆ ಎರಡೂ ಕೈ ಹಾಕಿದೆ. ಆಗ ಅವಳು ನನ್ನ ಎದೆಗೊಂದು ಒದ್ದು ಕೆಳಗೆ ಮುಳುಗಿದಳು. ನನ್ನ ಕೈಯಲ್ಲಿ ಟುವಾಲು ಮಾತ್ರ ಉಳಿಯಿತು. ಸುತ್ತ ಕಂದು ನೀರು, ಯಾರೂ ಇಲ್ಲ. ಆ ನಾಲ್ಕು ಕ್ಷಣ ನಾನು ಪಟ್ಟ ಭಯ ನನ್ನ ವೈರಿಗೂ ಬೇಡ. ಆಮೇಲೆ ಹಿಂದಿನಿಂದ ಯಾರೋ ನನ್ನ ತಲೆಗೂದಲು ಹಿಡಿದು ಎಳೆದರು. ಕಣ್ಣು ಬಿಟ್ಟಾಗ ದಡದ ಮರಳಿನಲ್ಲಿ ಬೋರಲಾಗಿ ನೀರು ಕಾರುತ್ತಿದ್ದೆ, ಟುವಾಲು ಇನ್ನೂ ಮುಷ್ಟಿಯಲ್ಲೇ ಇತ್ತು.

ಬದುಕಿ ಬಂದವನು ನೆಟ್ಟಗೆ ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಬೇಕಿತ್ತು. ಮೇಷ್ಟರ ಬಾಯಿ ಕೇಳಬೇಕಲ್ಲ. ಚಹಾದಂಗಡಿಯಲ್ಲಿ ನಾಲ್ಕು ಜನ ಸುತ್ತ ಕೂತು ಹೇಗಾಯಿತು ಎಂದು ಕೇಳಿದಾಗ, ನಾನೇ ಎದ್ದು ನಿಂತೆ ಎನ್ನಲು ನಾಲಗೆ ಏಳಲಿಲ್ಲ. ಹಿಡಿದುಕೊಂಡ ಕೂಡಲೇ ಆಕೆ ನನ್ನನ್ನು ಒದ್ದು ಎಸ್ಕೇಪ್ ಆದಳು, ಆಮೇಲೆ ಮನಸ್ಸು ಕರಗಿ ತಿರುಗಿ ಬಂದಿರಬೇಕು ಎಂದೆ. ಮಾತು ನನಗಿಂತ ಚೆನ್ನಾಗಿ ಈಜುತ್ತದೆ, ಸಂಜೆಯೊಳಗೆ ಎರಡೂ ದಡ ಮುಟ್ಟಿತ್ತು. ಮಾರನೆಯ ದಿನದಿಂದ ನಾನು ದೋಣಿಯ ಸಹವಾಸ ಬಿಟ್ಟು ದೂರದ ಹೆದ್ದಾರಿಯ ಸೇತುವೆ ಸುತ್ತಿ, ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗತೊಡಗಿದೆ. ದಿನವೂ ತಡ, ದಿನವೂ ಮುಖ್ಯೋಪಾಧ್ಯಾಯರ ಗುರುಗುಟ್ಟುವಿಕೆ. ಆದರೂ ಹೊಳೆಯಿಂದ ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನ.

ಮೂರು ವಾರ ಕಳೆದಿರಬೇಕು. ಹತ್ತನೆಯವರ ಪಾಠದಲ್ಲಿ ಸೆರೆಮನೆಯಿಂದ ಓಡಿದವನೊಬ್ಬನ ಕತೆ ಬಂತು. ಜಂಬದಿಂದ ಶಾಲೆಯ ಕಪಾಟಿನ ದೊಡ್ಡ ನಿಘಂಟು ತರಿಸಿ ಎಸ್ಕೇಪ್ ಪದದ ಬೇರು ಹುಡುಕಿ ಓದಿದೆ. ಲ್ಯಾಟಿನ್ನಿನಲ್ಲಿ ಎಕ್ಸ್ ಎಂದರೆ ಹೊರಗೆ, ಕಪ್ಪಾ ಎಂದರೆ ಹೊದೆಯುವ ನಿಲುವಂಗಿ. ನಮ್ಮ ಕಂಬಳಿಕೊಪ್ಪೆಯಂಥದ್ದು ಎಂದು ಮಕ್ಕಳಿಗೆ ಹೇಳಿದೆ. ಅಟ್ಟಿಸಿಕೊಂಡು ಬಂದವನು ಕೊಪ್ಪೆ ಹಿಡಿದರೆ, ಕೊಪ್ಪೆಯನ್ನು ಅವನ ಕೈಯಲ್ಲೇ ಬಿಟ್ಟು ಹೊರಗೆ ಜಾರುವುದೇ ಎಸ್ಕೇಪ್. ಆಮೇಲೆ ಪದ ಊರೂರು ಸುತ್ತಿತು. ಕೊಳವೆಯಿಂದ ಅನಿಲ ಸೋರಿದರೂ ಎಸ್ಕೇಪ್, ತೋಟದ ಗಿಡ ಬೇಲಿ ದಾಟಿ ಕಾಡಿನಲ್ಲಿ ಬೆಳೆದರೂ ಎಸ್ಕೇಪ್, ಹೆಸರು ನೆನಪಾಗದಿದ್ದರೆ ಹೆಸರೇ ಎಸ್ಕೇಪ್. ದುಃಖ ಮರೆಯಲು ಕತೆ ಓದುತ್ತ ಕೂರುವುದಕ್ಕೂ ಅದೇ ಹೆಸರು. ಕಂಪ್ಯೂಟರಿನ ಮೂಲೆಯ ಗುಂಡಿಗೂ ಅದನ್ನೇ ಇಟ್ಟರು. ನಮ್ಮ ಕಡೆ ಬಂದ ಮೇಲಂತೂ ಸೋಮಾರಿಗಳ ಪದವಾಯಿತು. ಕೆಲಸ ಕಂಡರೆ ಎಸ್ಕೇಪ್, ಸಾಲ ಕೊಟ್ಟವ ಕಂಡರೆ ಎಸ್ಕೇಪ್.

ಕುತೂಹಲಕ್ಕೆ ಇನ್ನಷ್ಟು ಹಾಳೆ ತಿರುವಿದರೆ ಅದರ ಮಗನೊಬ್ಬ ಸಿಕ್ಕ: ಸ್ಕೇಪ್‌ಗೋಟ್. ಹಿಂದೆ ಯಾವುದೋ ಸೀಮೆಯಲ್ಲಿ ಜನರ ಪಾಪವನ್ನೆಲ್ಲ ಒಂದು ಆಡಿನ ತಲೆಗೆ ಕಟ್ಟಿ ಮರಳುಗಾಡಿಗೆ ಬಿಟ್ಟುಬಿಡುತ್ತಿದ್ದರಂತೆ. ತಪ್ಪಿಸಿಕೊಂಡು ಹೋದ ಆಡು ಎಂದೇ ಅದರ ಹೆಸರು. ಬರುಬರುತ್ತ ತಪ್ಪಿಸಿಕೊಂಡದ್ದು ಮರೆತುಹೋಗಿ, ಇನ್ನೊಬ್ಬರ ತಪ್ಪು ಹೊತ್ತದ್ದು ಮಾತ್ರ ಉಳಿಯಿತು. ಓದು ಅಲ್ಲಿಗೇ ನಿಲ್ಲಿಸಿ ನಿಘಂಟನ್ನು ಮುಚ್ಚಿದೆ. ಚಹಾದಂಗಡಿಯ ಬೆಂಚು ಕಣ್ಣ ಮುಂದೆ ಬಂತು.

ಶಾಲೆಯ ಜವಾನ ಬೀರಣ್ಣ ಮಂಜಗುಣಿಯವನೇ. ನಿಘಂಟು ತಿರುಗಿ ಒಯ್ಯಲು ಬಂದವನು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ತರಗತಿ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸರ್, ಆ ಟುವಾಲು ನಿಮ್ಮನೆಲೇ ಅದ್ಯಾ?”

ಆಮೇಲೆ ಅವನು ಹೇಳಿದ್ದು ಇದು. ಆ ದಂಡೆಯ ದೋಣಿಯವರ ಮನೆಗಳಲ್ಲಿ ಒಂದು ರೂಢಿ. ಮುಳುಗುವವನ ಹತ್ತಿರ ಬರಿಗೈಲಿ ಹೋಗಬಾರದು, ಬಟ್ಟೆ ಚಾಚಬೇಕು. ಅವನು ಮೈಮೇಲೆ ಏರಿದರೆ ಬಟ್ಟೆಯನ್ನು ಅವನ ಕೈಗೇ ಬಿಟ್ಟು ಕೆಳಗೆ ಜಾರಿ, ಹಿಂದಿನಿಂದ ಬಂದು ಹಿಡಿಯಬೇಕು. ಬದುಕಿದವನು ಆ ಬಟ್ಟೆಯನ್ನು ಒಗೆದು ಒಣಗಿಸಿ ತಾನೇ ತಂದು, ಎತ್ತಿದವರ ಕೈಗೆ ಕೊಟ್ಟು, ಅದೇ ದೋಣಿಯಲ್ಲಿ ಹೊಳೆ ದಾಟಬೇಕು. ಅಲ್ಲಿಯವರೆಗೆ ಹೊಳೆ ಇಬ್ಬರನ್ನೂ ಪೂರ್ತಿ ಬಿಟ್ಟಿಲ್ಲ ಎಂದೇ ಲೆಕ್ಕ. ಎತ್ತಿದವರು ಗಳ ಮುಟ್ಟುವುದಿಲ್ಲ, ಬಟ್ಟೆಯನ್ನು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ತುಳಸಕ್ಕನ ದೋಣಿ ಮೂರು ವಾರದಿಂದ ಮರಳಿನ ಮೇಲೆ ಮಗುಚಿ ಬಿದ್ದಿದೆ. ಮನೆಯಲ್ಲಿ ಮಲಗಿದ ಗಂಡ, ಇಬ್ಬರು ಮಕ್ಕಳು. ಇನ್ನೊಂದು ವಾರ ಹೀಗೇ ಹೋದರೆ ಜನರನ್ನು ದಾಟಿಸುವ ಕಡವು ಈಗ ಬದಲಿಗೆ ದೋಣಿ ನಡೆಸುತ್ತಿರುವವರ ಪಾಲಾಗುತ್ತದೆ. ಮಾಸ್ತರ್ರಿಗೆ ಗೊತ್ತಿಲ್ಲದೆ ಇರಬಹುದು ಎಂದು ಯಾರೋ ಅಂದರೆ ಅವಳು, ತಿಳಿದವರು, ತರ್ತಾರೆ ಎಂದಳಂತೆ.

ಆ ಟುವಾಲು ನಮ್ಮ ಮನೆಯಲ್ಲಿ ಏನಾಗಿತ್ತು ಎಂದು ಹೇಳಲು ಈಗಲೂ ನಾಚಿಕೆ. ಹೆಂಡತಿ ಅದನ್ನು ಮಿಡಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಕಟ್ಟಿದ್ದಳು. ಬಿಚ್ಚಿ, ಬಾವಿಕಟ್ಟೆಯ ಮೇಲೆ ನಾನೇ ಕೂತು ಮೂರು ಸಲ ಸಾಬೂನು ಹಾಕಿ ತಿಕ್ಕಿದೆ. ನಡುವೆ ಒಂದು ಅಂಗೈಯಗಲದ ಹಳದಿ ಕಲೆ ಮಾತ್ರ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಮಂಜಗುಣಿಯ ಬಸ್ಸು ಹತ್ತಿದೆ. ಇಳಿದು ಹೊಳೆಯ ಕಡೆ ನಡೆಯತೊಡಗಿದೆ. ಎರಡು ಸಲ ಬಸ್ಸಿನ ಕಡೆಗೆ ತಿರುಗಿದೆ. ಎರಡು ಸಲವೂ ಆ ಮಗುಚಿದ ದೋಣಿ ನೆನಪಾಗಿ ಮತ್ತೆ ಮುಂದೆ ಹೋದೆ. ತುಳಸಕ್ಕ ಕಡವಿನ ಹತ್ತಿರವೇ ಬಲೆ ಹೆಣೆಯುವವರ ಜೊತೆ ಕೂತಿದ್ದಳು. ಎಲ್ಲರ ಎದುರಿಗೇ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಎದ್ದವನು ನಾನು, ತಪ್ಪು ನನ್ನದು, ನೀವು ಬಿಟ್ಟು ಓಡಲಿಲ್ಲ, ಚಹಾದಂಗಡಿಯಲ್ಲಿ ಹೇಳಿದ್ದು ಸುಳ್ಳು ಎಂದೆ. ಟುವಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಟ್ಟೆ.

ಅವಳು ಬಿಚ್ಚಿ ನೋಡಿದಳು. ಕಲೆ ನೋಡಿ ಮೂಗಿಗೆ ಹಿಡಿದಳು. “ಉಪ್ಪಿನಕಾಯಿ ಚಲೋ ಆಗಿದ್ದಂಗೆ ಕಾಣ್ತದೆ” ಎಂದಳು. ಸುತ್ತ ಕೂತವರು ನಕ್ಕರು. ಅವಳು ನಗಲಿಲ್ಲ. ಟುವಾಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೇಳಿದಳು: “ಬಿಟ್ಟಿದ್ಕೇ ನಿಮ್ಮನ್ನ ದಡಕ್ಕೆ ತರೂಕಾಯ್ತು, ಮಾಸ್ತರ್ರೇ. ಹಿಡ್ಕಂಡೇ ಇದ್ದಿದ್ರೆ ಇಬ್ರೂ ಹೋಗ್ತಿದ್ವು.”

ನಾಲ್ಕು ಜನ ಸೇರಿ ದೋಣಿ ನೀರಿಗೆ ಇಳಿಸಿದರು. ನಾನು ನಡುವೆ ಕೂತೆ. ದಾಟುವಷ್ಟು ಹೊತ್ತೂ ಕಣ್ಣು ಮುಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆ ದಿನ ಇನ್ನೊಂದು ಸುಳ್ಳು ಬೇಡ. ಅರ್ಧ ದಾರಿ ಮುಚ್ಚಿದ್ದೆ. ಆಮೇಲೆ ನನ್ನ ವರ್ಗಾವಣೆಯಾಗುವವರೆಗೂ ಆ ದೋಣಿಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಈಗ ಮಂಜಗುಣಿಗೆ ಸೇತುವೆ ಬಂದಿದೆ, ದೋಣಿಗಳು ದಡ ಸೇರಿವೆ, ನನಗೆ ನಿವೃತ್ತಿಯಾಗಿದೆ. ಕಳೆದ ವಾರ ತುಳಸಕ್ಕನ ಫೋನು ಬಂತು. ವಯಸ್ಸು ಎಪ್ಪತ್ತು ದಾಟಿದರೂ ದನಿಯಲ್ಲಿ ಗಳ ಊರುವ ಗಟ್ಟಿತನ ಹಾಗೇ ಇದೆ. ಹೊಳೆಗಿಳಿದು ಬಳಚು ಎಂಬ ಚಿಪ್ಪಿಮೀನು ಆರಿಸುವ ಹೆಂಗಸರಿಗೆ ತಾನು ಪಾಠ ಮಾಡುತ್ತಿದ್ದೇನೆ ಎಂದಳು. ಅವರಿಗೆ ಈಜು ಬರುತ್ತದೆ, ಮುಳುಗುವವರನ್ನು ಎತ್ತಲು ಬರುವುದಿಲ್ಲ.

“ಸೇತುವೆ ಬಂತು ಹೇಳಿ ಹೊಳೆ ಬತ್ತಿಹೋಯ್ತಾ?” ಎಂದಳು. “ಮುಳುಗೂಕೆ ಒಬ್ರು ಬೇಕು. ನಿಮ್ಗಿಂತ ಚಲೋ ಮುಳುಗೂರು ಈ ತಾಲೂಕಲ್ಲಿಲ್ಲ.”

ಬೆನ್ನುನೋವು, ಬಿಪಿ, ಮೊಮ್ಮಗಳ ಶಾಲೆ ಹೀಗೆ ತಪ್ಪಿಸಿಕೊಳ್ಳಲು ಹತ್ತು ದಾರಿ ನೆನಪಾದವು. ಒಂದನ್ನೂ ಹೇಳದೆ ಬರುತ್ತೇನೆ ಎಂದೆ. ಟುವಾಲು ಕೊಂಡದ್ದು ಅದಕ್ಕೇ.

ಭಾನುವಾರ ನೀರು ಇಳಿದ ಹೊತ್ತು, ಎದೆಮಟ್ಟದ ಜಾಗ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ದಡದಲ್ಲಿ ತುಳಸಕ್ಕ ಹಿಡಿದಿದ್ದಳು. ಮೊದಲ ಸರದಿ ರೇವತಿ ಎಂಬವಳದು, ಮದುವೆಯಾಗಿ ಆ ದಂಡೆಗೆ ಬಂದು ವರ್ಷವಾಗಿತ್ತಷ್ಟೆ. ನಾನು ನಟಿಸಬೇಕೆಂದಿದ್ದೆ. ಕಾಲಡಿಯ ಮರಳು ಜಾರಿದ ಕೂಡಲೇ ನಟನೆ ಹೋಗಿ ನಿಜವೇ ಬಂತು. ಅವಳು ಟುವಾಲು ಚಾಚಿದಳು, ನಾನು ಎಳೆದು ಅವಳ ಕುತ್ತಿಗೆಗೆ ಬಿದ್ದೆ. ಮುದುಕರು ಎಂದು ಪಾಪ ನೋಡಿದಳೋ ಏನೋ, ಅವಳು ಬಿಡಲೇ ಇಲ್ಲ. ಇಬ್ಬರೂ ಒಟ್ಟಿಗೆ ನೀರು ಕುಡಿದೆವು. ತುಳಸಕ್ಕ ಹಗ್ಗ ಎಳೆದುಕೊಂಡಳು.

ಕೆಮ್ಮುತ್ತ ಮರಳಿನಲ್ಲಿ ಕೂತಾಗ ರೇವತಿ ಅಳುವಂತಾಗಿ, ಹೆಂಗೆ ಬಿಡೂದು ಸರ್, ಬಿಟ್ರೆ ನೀವು ಹೋಗ್ತ್ರಲ್ಲ ಎಂದಳು. ಟುವಾಲನ್ನು ಹಿಂಡಿ ಅವಳ ಹೆಗಲಿಗೆ ಹಾಕಿದೆ.

“ಇನ್ನೊಂದ್ಸಲ ಬರ್ತೆ ತಂಗಿ” ಎಂದೆ. “ಈ ಸಲ ನನ್ನ ಬಿಡು.”

ಎದ್ದು, ಅವಳಿಗಿಂತ ಮೊದಲು ನಾನೇ ನೀರಿಗೆ ಇಳಿದೆ.