ಕಸಿ ಗಿಡದ ಮನೆತನ

ನಮ್ಮ ಮುತ್ತಾತ ಬೆಂಗಳೂರಿನಲ್ಲಿ ಗಿಡ ಮಾರಿ ಜಮೀನುದಾರರಾದವರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಗುಲಾಬಿ ಕುಂಡಗಳನ್ನು ತಲೆಮೇಲೆ ಹೊತ್ತು ದಂಡು ಪ್ರದೇಶದ ಬಿಳಿಯರ ಬಂಗಲೆಗಳಿಗೆ ಹೋಗುತ್ತಿದ್ದರಂತೆ. ಆಮೇಲೆ ಮಾವಿಗೆ ಕಸಿ ಕಟ್ಟುವುದನ್ನು ಕಲಿತರು. ಅವರು ಕಟ್ಟಿದ ಕಸಿ ಒಣಗಿತು ಅಂತ ಯಾರೂ ಹಿಂದಕ್ಕೆ ತಂದದ್ದಿಲ್ಲ. ಕೆರೆಯ ಹಿಂದಿನ ಬಯಲೆಲ್ಲ ಅವರದಾಯಿತು.

ತಾತನ ಕಾಲಕ್ಕೆ ಮಣ್ಣು ಮುಟ್ಟುವುದು ಆಳುಗಳ ಕೆಲಸವಾಯಿತು. ಕಸಿ ಕಟ್ಟಲು ತಾಳ್ಮೆ ಬೇಕು, ತಾತನಿಗೆ ಅದಿರಲಿಲ್ಲ. ಮಾವಿನ ವಾಟೆಯಿಂದ ತಾನಾಗಿ ಎದ್ದ ಗಿಡಕ್ಕೆ ಬಾಳೆನಾರು ಸುತ್ತಿಸಿ ಕಸಿ ಅಂತ ಮಾರಿಸಿದರು. ಮಾವು ಫಲ ಬಿಡಲು ವರ್ಷಗಳು ಬೇಕಲ್ಲ, ಅಲ್ಲಿಯತನಕ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದಾಗ ಜನ ಹುಳಿಹಣ್ಣು ತಂದು ನಮ್ಮ ಗೇಟಿನ ಮುಂದೆ ಸುರಿದು ಹೋದರು. ಆಗ ಅಪ್ಪ ಚಿಕ್ಕವರು. ಆ ಕೊಳೆತ ವಾಸನೆ, ಮುತ್ತಿದ ನೊಣಗಳ ಬಗ್ಗೆ ಹೇಳುವಾಗ ಮುದುಕರಾದ ಮೇಲೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ಗಿರಾಕಿಗಳು ಬರುವುದು ನಿಂತಿತು. ಬಯಲು ತುಂಡುತುಂಡಾಗಿ ಸೈಟುಗಳಾಯಿತು. ಕೊನೆಯ ತುಂಡು ಮಾರಿ ಅಪ್ಪ ನನ್ನನ್ನು ಇಂಜಿನಿಯರಿಂಗ್ ಓದಿಸಿದರು.

ನಾನು ನೈರೋಬಿಯ ಔಷಧ ಕಾರ್ಖಾನೆಗೆ ಬಂದು ಹದಿನಾರು ವರ್ಷ. ದೊಡ್ಡಪ್ಪನ ಮಗ, ನನ್ನ ಅಣ್ಣ, ನನಗಿಂತ ಮೊದಲೇ ಬಂದವನು. ಹೋದ ವರ್ಷ ಕೆಲಸ ಬಿಟ್ಟು ಇಲ್ಲಿನ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ರಸ್ತೆ ಬದಿ ನರ್ಸರಿ ಹಾಕಿದ. "ಮುತ್ತಾತನ ಕಸುಬು ಮತ್ತೆ ಶುರುವಾಯ್ತು ಕಣೋ" ಅಂದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಒಂದು ಶನಿವಾರ ಅಲ್ಲಿಗೆ ಹೋದೆ. ಇಲ್ಲಿನವರೇ ಆದ ಒಬ್ಬ ಮಹಿಳೆ, ಶಾಲಾ ಟೀಚರ್, ಊರಲ್ಲಿರುವ ತಾಯಿಯ ಹೊಲಕ್ಕೆಂದು ನಲವತ್ತು ಕಸಿ ಅವಕಾಡೊ ಸಸಿಗಳನ್ನು ಆರಿಸಿಟ್ಟಿದ್ದರು. ಪಿಕಪ್‌ಗೆ ಏರಿಸಲು ನಾನೂ ಕೈಹಾಕಿದೆ. ಒಂದರ ಬುಡದಲ್ಲಿ ಕಸಿ ಕಟ್ಟುವ ಜಾಗಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿ ಸಡಿಲವಾಗಿತ್ತು. ಬಿಗಿ ಮಾಡೋಣವೆಂದು ಬಿಚ್ಚಿದರೆ ಒಳಗೆ ಕೊಯ್ದ ಗುರುತೇ ಇಲ್ಲ, ನುಣ್ಣನೆಯ ಕಾಂಡ. ಇನ್ನೊಂದನ್ನು ಬಿಚ್ಚಿದೆ. ಅದೂ ಹಾಗೇ.

"ಏನಣ್ಣ ಇದು?"

"ಸುಮ್ನಿರೋ," ಟೀಚರ್‌ಗೆ ಅರ್ಥವಾಗದ ಕನ್ನಡದಲ್ಲಿ ನಗುನಗುತ್ತ ಹೇಳಿದ. "ಇದು ಕಾಯಿ ಬಿಡೋ ಹೊತ್ತಿಗೆ ನಾವೆಲ್ಲೋ, ಇವಳೆಲ್ಲೋ."

ಅವನ ನಗು, ಉಗುರಲ್ಲಿ ಚೂರೂ ಮಣ್ಣಿಲ್ಲದ ಅವನ ಕೈ, ಆ ಕೈಯಲ್ಲಿ ನನ್ನ ಬೆನ್ನು ತಟ್ಟಿದ್ದು, ಎಲ್ಲ ಅಸಹ್ಯವಾಯಿತು. ಬಿಚ್ಚಿದ ಸಸಿಯನ್ನು ಆಕೆಗೆ ತೋರಿಸಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: "ಇವು ಕಸಿಯಲ್ಲ, ತಗೋಬೇಡಿ."

ಆಕೆ ಇನ್ನೂ ಐದಾರು ಪಟ್ಟಿ ಬಿಚ್ಚಿ ನೋಡಿದರು. ಕೂಗಾಡಲಿಲ್ಲ. "ನೀವು ಇವರಿಗೆ ಏನಾಗಬೇಕು?" ಅಂತ ಕೇಳಿದರು.

"ತಮ್ಮ," ಅಂದೆ.

ನಮ್ಮಿಬ್ಬರನ್ನೂ ಒಂದೇ ಥರ ನೋಡಿ, ಸಸಿಗಳನ್ನು ಅಲ್ಲೇ ಬಿಟ್ಟು ಹೊರಟುಹೋದರು. ಆ ನೋಟ ನನಗೆ ಅಣ್ಣನ ಮಾತಿಗಿಂತ ಹೆಚ್ಚು ಚುಚ್ಚಿತು.

ಅಂದಿನಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನರ್ಸರಿ ಮುಚ್ಚಿಲ್ಲ, ಬೇರೆ ರಸ್ತೆಗೆ ಹೋಗಿದೆ ಅಷ್ಟೆ. "ಎಷ್ಟಾದ್ರೂ ನಿಮ್ಮವರಲ್ವಾ, ಹಬ್ಬಕ್ಕಾದ್ರೂ ಕರೀರಿ" ಅನ್ನುತ್ತಾಳೆ ನನ್ನ ಹೆಂಡತಿ. ನಾನು ಕರೆದಿಲ್ಲ.