ಎರಡು ಬಾಗಿಲು ಕತ್ತರಿಸಿಟ್ಟ ಶೇವಂತೆವ್ವ

ಧಾರವಾಡದ ಮಾಳಮಡ್ಡಿ ಇನ್ನೂ ಪೂರ್ತಿ ಎದ್ದಿಲ್ಲ. ಹಾಲಿನವರ ಸೈಕಲ್ಲು ಬಿಟ್ಟರೆ ಓಣಿಯಲ್ಲಿ ಸದ್ದಿಲ್ಲ. ಹಳೆಯ ಮುದ್ರಣಾಲಯವೊಂದರ ಹಿತ್ತಲಲ್ಲಿ ಮಾತ್ರ ಸ್ಟೋವ್ ಭರ್ರೆನ್ನುತ್ತಿದೆ. ಮೇಲಿನ ಪಾತ್ರೆಯಲ್ಲಿ ಮೈದಾ ಹಿಟ್ಟಿನ ಅಂಟು ಕುದಿಯುತ್ತಿದೆ. ಶೇವಂತೆವ್ವ ಅದಕ್ಕೊಂದು ಚಿಟಿಕೆ ಮೈಲುತುತ್ತ ಉದುರಿಸಿ ಕೋಲಿನಿಂದ ತಿರುವುತ್ತಾರೆ. ನಾನು ಬಗ್ಗಿ ನೋಡುತ್ತೇನೆ.

"ದೂರ ನಿಂದರ್ರಿ, ಇದು ವಿಷ. ಹುಳಾನೂ ಸಾಯ್ತಾವ, ಪೇಪರಿನವರೂ ಸಾಯ್ತಾರ," ಎಂದು ನಗುತ್ತಾರೆ.

ಐವತ್ತಾರರ ಶೇವಂತೆವ್ವ ಇಲ್ಲಿ ಫರ್ಮಾ ಮಡಚುವವರು. ಹದಿನಾರು ಪುಟಗಳು ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆಯೇ ಫರ್ಮಾ. ಅದನ್ನು ಮೂರು ಸಲ ಮಡಚಿ ಬಿದಿರಿನ ಪಟ್ಟಿಯಿಂದ ಒತ್ತಿ ಎಳೆದರೆ ಪುಟಗಳು ತಮ್ಮ ಸರದಿಗೆ ಬಂದು ಕೂರುತ್ತವೆ. ದಿನಕ್ಕೆ ಎರಡು ಸಾವಿರ ಫರ್ಮಾ, ಹದಿನೇಳು ವರ್ಷ. ಒಟ್ಟು ಎಷ್ಟಾಯಿತೆಂದು ಕೂಡಿಸಲು ಹೋಗಿ ನಾನು ಅರ್ಧಕ್ಕೇ ಕೈಬಿಟ್ಟೆ. ಇಷ್ಟೆಲ್ಲ ಪುಸ್ತಕಗಳು ಕೈ ಹಾದು ಹೋದರೂ ಅವರಿಗೆ ಓದಲು ಬರುವುದಿಲ್ಲ. ಆದರೆ ಅವರು ಕೇಳಿದಷ್ಟು ಕಾದಂಬರಿಗಳನ್ನು, ಪುಸ್ತಕ ಪರಿಚಯ ಬರೆದು ಹೊಟ್ಟೆ ಹೊರೆಯುವ ನಾನೂ ಓದಿಲ್ಲ.

ಕೇಳಿದ್ದು ಹೇಗೆಂದರೆ, ಸೀಸದ ಅಕ್ಷರಗಳ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕರಡು ತಿದ್ದಲು ಇಬ್ಬರು ಬೇಕಿತ್ತು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯಬೇಕು. ಇಲ್ಲಿ ಓದುತ್ತಿದ್ದವರು ಶಶಿಕಾಂತ ಮಾಸ್ತರರು. ಅವರ ಟೇಬಲ್ಲಿಗೂ ಶೇವಂತೆವ್ವನವರ ಚಾಪೆಗೂ ನಡುವೆ ಒಂದೇ ಹಲಗೆಯ ಅಡ್ಡಗೋಡೆ.

"ಮಾಸ್ತರು ಅಳೂ ಕಡೆ ಅಳೂ ದನಿ, ಜಗಳದ ಕಡೆ ಜಗಳದ ದನಿ ತಗೀತಿದ್ರು. ನಾ ಹಾಳಿ ಮಡಚಕೋತ ಕೇಳ್ತಿದ್ದೆ. ಕೈ ಅದರ ಪಾಡಿಗೆ ಅದು ನಡೀತಿತ್ತು, ಕಣ್ಣ ಮುಂದ ಕತಿ ನಡೀತಿತ್ತು."

ಆ ಕಣ್ಣ ಮುಂದಿನ ಕತೆಗಳನ್ನು ಅವರು ರಟ್ಟಿನ ಮೇಲೆ ಅಂಟಿಸತೊಡಗಿದ್ದು 1991ರಲ್ಲಿ. ಪಾತ್ರೆಯ ತಳದಲ್ಲಿ ಉಳಿದ ಅಂಟು, ಬೈಂಡಿಂಗಿಗೆ ಒದಗದ ರಟ್ಟು, ಕಟಿಂಗ್ ಮಶೀನಿನ ಕೆಳಗೆ ಬಿದ್ದ ಚೂರುಗಳು. ಮಶೀನು ನಡೆಸುವ ಉಸ್ಮಾನಸಾಬರು ಬಣ್ಣದ ಚೂರು ಕಂಡರೆ ಎತ್ತಿಡುತ್ತಾರೆ. ತಾರಿಹಾಳದ ಡಬ್ಬಿ ಕಾರ್ಖಾನೆಯಲ್ಲಿರುವ ಅವರ ತಮ್ಮನಿಂದ ಜರಿ ಕಾಗದವೂ ಬರುತ್ತದೆ. ಶೇವಂತೆವ್ವ ಒತ್ತಾಗಿ ಅಚ್ಚಾದ ಪುಟವನ್ನು ಹರಿದು ಕಪ್ಪು ಎರೆ ಹೊಲ ಮಾಡುತ್ತಾರೆ. ತಲೆಬರಹದ ದಪ್ಪ ಅಕ್ಷರಗಳನ್ನು ಕತ್ತರಿಸಿ ಆಕಾಶಕ್ಕೆ ಹಚ್ಚಿದರೆ ಅವು ಹಕ್ಕಿಗಳು. ಇಂಥ ನಲವತ್ತೊಂದು ಚಿತ್ರಗಳು ಗೋದಾಮಿನ ಅಟ್ಟದ ಮೇಲಿವೆ. ಒಂದಕ್ಕೂ ಚೌಕಟ್ಟಿಲ್ಲ, ಒಂದೂ ಗೋಡೆ ಏರಿಲ್ಲ. ನನಗೆ ತೋರಿಸುವಂತೆ ಉಸ್ಮಾನಸಾಬರೇ ಅವರನ್ನು ಒಪ್ಪಿಸಬೇಕಾಯಿತು.

ಮೊದಮೊದಲು ಒಂದು ಎಡವಟ್ಟಾಯಿತು. ಒಂದು ಕಾದಂಬರಿಯ ಹಸ್ತಪ್ರತಿಯನ್ನು ಮೊಳೆ ಜೋಡಿಸುವ ಇಬ್ಬರು ಹಂಚಿಕೊಂಡಿದ್ದರು. ಕೊನೆಯ ಭಾಗ ಪಡೆದವನು ಚುರುಕು, ಅವನ ಕರಡೇ ಮೊದಲು ಬಂತು. ಹೀಗಾಗಿ ಶೇವಂತೆವ್ವ ಕಥಾನಾಯಕ ಗೌಡನ ಸಾವನ್ನು ಮೊದಲು ಕೇಳಿದರು, ಅವನ ಮದುವೆಯನ್ನು ಆಮೇಲೆ. ಕೇಳಿದ ಸರದಿಯಲ್ಲೇ ಅಂಟಿಸಿದರು. ಎಡಕ್ಕೆ ಚಟ್ಟ, ಬಲಕ್ಕೆ ಬಾಸಿಂಗ. ಪುಸ್ತಕ ನೋಡಲು ಬಂದ ಲೇಖಕರು ಅದನ್ನು ಎತ್ತಿ ಹಿಡಿದು ಎಲ್ಲರನ್ನೂ ಕರೆದು ತೋರಿಸಿ ನಕ್ಕರು.

"ಸತ್ತವಗ ಲಗ್ನಾ ಮಾಡೀಯಲ್ಲಬೇ ಅಂದ್ರು. ಭೂಮಿ ಬಾಯಿ ಬಿಟ್ಟಿದ್ರ ಹೊಕ್ಕ ಬಿಡ್ತಿದ್ನಿ ನೋಡ್ರಿ. ಅವತ್ತಿನಿಂದ ಕಡೀ ಫರ್ಮಾ ಓದೂತನಕಾ ನಾ ಒಂದ ಚೂರಿಗೂ ಅಂಟ ಹಚ್ಚಂಗಿಲ್ಲ. ಚಿತ್ರಾ ಯಾರಿಗೂ ತೋರಸಂಗೂ ಇಲ್ಲ."

ಆ ನಿಯಮವೇ ಈಗ ಅವರ ಕೊರಳಿಗೆ ಬಿದ್ದಿದೆ. ಎರಡು ವರ್ಷದ ಹಿಂದೆ, 2004ರಲ್ಲಿ, ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂತು. ಮಾಸ್ತರರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಕರಡುಗಳು ಲೇಖಕರ ಮನೆಗೇ ಹೋಗಿ ತಿದ್ದಿಸಿಕೊಂಡು ಬರುತ್ತವೆ. ಅಡ್ಡಗೋಡೆಯ ಆಚೆ ಈಗ ಕೀಲಿಮಣೆಯ ಟಕಟಕ ಅಷ್ಟೇ.

ಆಗ ಅಚ್ಚಿನಲ್ಲಿದ್ದದ್ದು ಒಂದು ಬಾವಿಗಾಗಿ ಮಾತು ಬಿಟ್ಟ ಅಕ್ಕತಂಗಿಯರ ಕಾದಂಬರಿ. ಹನ್ನೊಂದು ಫರ್ಮಾ ಮಾಸ್ತರರು ಓದಿದ್ದರು, ಕಡೆಯದಾದ ಹನ್ನೆರಡನೆಯದನ್ನು ಯಾರೂ ಗಟ್ಟಿಯಾಗಿ ಓದಲೇ ಇಲ್ಲ.

"ತಂಗಿ ನಸುಕಿನ್ಯಾಗ ಬಂದು ಅಕ್ಕನ ಬಾಗಲಾ ಬಡದಾಳ್ರಿ. ಅಲ್ಲಿಗೆ ನಿಂತೈತಿ. ಅಕ್ಕ ತಗದಳೋ, ಇಲ್ಲೋ? ಆಮ್ಯಾಲೆ ಅದ ಹನ್ನೆರಡನೇ ಫರ್ಮಾ ಎಂಟನೂರು ನಾನ ಮಡಚೇನಿ. ಏನಾತಂತ ಎಂಟನೂರು ಸಲ ನನ್ನ ಕೈಯಾಗ ಹಾದು ಹೋತ್ರಿ, ನನಗ ಗೊತ್ತಾಗ್ಲಿಲ್ಲ."

ಅಟ್ಟದಿಂದ ಒಂದು ಗಂಟು ಇಳಿಸುತ್ತಾರೆ. ಎರಡು ರಟ್ಟಿನ ನಡುವೆ ಅಕ್ಕನ ಮನೆ, ಬಾವಿ, ಸೆರಗು ಹೊದ್ದ ತಂಗಿ ಎಲ್ಲ ಬಿಡಿಬಿಡಿಯಾಗಿ ಮಲಗಿವೆ. ಅಂಚುಗಳು ಹಳದಿಗಟ್ಟಿವೆ, ತಂಗಿಯ ಸೆರಗು ಬಣ್ಣ ಬಿಟ್ಟಿದೆ. ಬಾಗಿಲು ಮಾತ್ರ ಎರಡಿವೆ. ಒಂದು ಮುಚ್ಚಿದ್ದು, ಒಂದು ತೆರೆದದ್ದು. "ಯಾವದು ಹಚ್ಚಬೇಕಂತ ತಿಳೀವಲ್ದರಿ. ಇನ್ನೊಂದ ಮಳಿಗಾಲ ಇವು ತಡಿಯಂಗಿಲ್ಲ."

ಯಾರಿಂದಲಾದರೂ ಓದಿಸಬಹುದಿತ್ತಲ್ಲ ಎಂದೆ. ಉಸ್ಮಾನಸಾಬರಿಗೆ ಉರ್ದು ಬಿಟ್ಟು ಬೇರೆ ಓದಲು ಬಾರದು. ಮಾಲಕರನ್ನು ಕೇಳಲು ನಾಚಿಕೆ. "ಮತ್ತ ನಗತಾರ," ಎಂದರು ಸಣ್ಣಗೆ. ಆಮೇಲೆ ನನ್ನ ಮುಖ ನೋಡಿ, "ನೀವರ ಓದೀರೇನ್ರಿ ಆ ಪುಸ್ತಕಾ?" ಎಂದು ಕೇಳಿದರು.

ಆ ಕಾದಂಬರಿಯ ಪರಿಚಯವನ್ನು ನಮ್ಮ ಪತ್ರಿಕೆಯ ಇದೇ ಪುರವಣಿಗೆ ನಾನೇ ಬರೆದಿದ್ದೆ. 'ಮನ ಕಲಕುವ ಅಂತ್ಯ' ಎಂದೂ ಬರೆದಿದ್ದೆ. ಕೊನೆಯ ಪುಟಗಳನ್ನು ಓದಿರಲಿಲ್ಲ. ಎರಡು ವರ್ಷದಿಂದ ಯಾರಿಗೂ ಹೇಳದ ಈ ಮಾತನ್ನು ಅವರೆದುರು ಒಪ್ಪಿಕೊಂಡೆ. ಶೇವಂತೆವ್ವ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಯ್ಯ, ನೀವೂ ನನ್ನಂಗ ಆದ್ರೆಲ್ಲರಿ!"

ಆಗಲೇ ನನ್ನ ಕಣ್ಣು ಗಂಟಿಗೆ ಸುತ್ತಿದ್ದ ಹಾಳೆಯ ಮೇಲೆ ಬಿತ್ತು. ಅಲ್ಲಲ್ಲಿ ಮಸಿ ಹರಡಿ ಕೆಟ್ಟಿದ್ದ ಒಂದು ಫರ್ಮಾ, ಅದೇ ಹನ್ನೆರಡನೆಯದು. ಎಂದಾದರೂ ಓದಿಸಬೇಕೆಂದು ಎತ್ತಿಟ್ಟಿದ್ದರಂತೆ. ಬಿಡಿಸಿ ನೋಡಿದರೆ ಅರ್ಧ ಪುಟಗಳು ತಲೆಕೆಳಗು, ಒಂದರ ಪಕ್ಕ ಇನ್ನೆಲ್ಲಿಯದೋ. ನಾನು ಹಾಳೆ ತಿರುಗಿಸುತ್ತ ಒದ್ದಾಡುವುದನ್ನು ನೋಡಲಾರದೆ ಅವರು ಕಸಿದುಕೊಂಡು ಮೂರು ಸಲ ಮಡಚಿದರು, ಪಟ್ಟಿಯಿಂದ ಅಂಚು ಸೀಳಿದರು. "ಈಗ ಓದ್ರಿ. ತಡೀರಿ, ಕೈಯಾಗ ಕೆಲಸಾ ತಗೋತೇನಿ. ಸುಮ್ನ ಕುಂತ್ರ ನನಗ ಕತಿ ಕಾಣಂಗಿಲ್ಲ."

ಅವರು ಮಡಚುತ್ತ ಕೂತರು, ನಾನು ಓದುತ್ತ ಕೂತೆ. ಕಟಿಂಗ್ ಮಶೀನು ನಿಲ್ಲಿಸಿ ಉಸ್ಮಾನಸಾಬರೂ ಬಂದು ನಿಂತರು. ಯಾರೂ ನಗಲಿಲ್ಲ. ತಂಗಿ ಬಡಿದು ಬಡಿದು ಸೋತು ಬಾಗಿಲಿಗೆ ಒರಗುತ್ತಾಳೆ. ಬಾಗಿಲು ಹಿಂದಕ್ಕೆ ಸರಿಯುತ್ತದೆ. ಅಕ್ಕ ಅದನ್ನು ಬರೇ ಮುಂದಕ್ಕೆ ಎಳೆದುಕೊಂಡಿದ್ದಳು. ಅಷ್ಟು ವರ್ಷ ಒಂದು ರಾತ್ರಿಯೂ ಅದಕ್ಕೆ ಚಿಲಕ ಹಾಕಿರಲಿಲ್ಲ.

ಶೇವಂತೆವ್ವನವರ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಅಂಟಿನ ಬಟ್ಟಲು ಎಳೆದುಕೊಂಡರು. ಮನೆ, ಬಾವಿ, ತಂಗಿ ಒಂದೊಂದಾಗಿ ರಟ್ಟಿನ ಮೇಲೆ ಕೂತವು. ಕಡೆಗೆ ಮುಚ್ಚಿದ ಬಾಗಿಲನ್ನು ಎತ್ತಿಕೊಂಡು, ಅದರ ಒಂದು ಅಂಚಿಗೆ ಮಾತ್ರ ಅಂಟು ಸವರಿ ಹಚ್ಚಿದರು.

"ದೂಡ್ರಿ," ಎಂದರು ನನಗೆ. ಬೆರಳು ತಾಗಿಸಿದೆ. ಬಾಗಿಲು ತೆರೆಯಿತು.