ಹಾರ ಹಾಕಿದ ಸರ್ವರ್

ಬ್ಯಾಕಪ್‌ನಿಂದ ದಾಖಲೆಗಳನ್ನು ಮರಳಿ ತುಂಬಿ ರಿಸ್ಟೋರ್ ಮಾಡಿದ ಹೊಸ ಸರ್ವರ್ ಕಂಪ್ಯೂಟರ್ ಒಮ್ಮೆಯಾದರೂ ಆನ್ ಆಗಿ ಕೆಲಸ ಮಾಡುವವರೆಗೆ ಹಳೆಯದನ್ನು ಬಿಟ್ಟುಕೊಡಬಾರದು. ಇದು ನಿಯಮ. ಭದ್ರಾವತಿ ನ್ಯೂ ಟೌನಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯುಧಪೂಜೆಯ ದಿನ ಎಲ್ಲರೂ ಸೇರಿ ಇದನ್ನು ಮುರಿದೆವು.

ಶಿವಮೊಗ್ಗದ ಡೀಲರ್, "ರಿಸ್ಟೋರ್ ಸಕ್ಸಸ್ ಅಂತ ಬಂದಿದೆ ಸಾರ್" ಎಂದು ಹಳೇ ಸರ್ವರನ್ನು ಎಕ್ಸ್‌ಚೇಂಜಿಗೆಂದು ಬಾಗಿಲಲ್ಲಿ ನಿಂತಿದ್ದ ಆಟೋಗೆ ಏರಿಸಿದ್ದ. ಹೊಸದಕ್ಕೆ ಆಗಲೇ ಕುಂಕುಮ, ಸೇವಂತಿಗೆ ಹಾರ. ಒಮ್ಮೆ ಆನ್ ಮಾಡಿ ನೋಡೋಣ ಎಂದೆ.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟೋದಾ ಮಾರಾಯ್ರೆ? ನಾಳೆ ನೋಡಿ," ಎಂದರು ಡಾಕ್ಟರು. ಹೊಸ ಸರ್ವರ್ ಪರೀಕ್ಷಿಸಲೆಂದೇ ಬಂದಿದ್ದ ನಾನು ಪೂಜೆಯ ಮಂಡಕ್ಕಿಗೆ ಕೈ ಹಾಕಿದೆ.

ಲ್ಯಾಬಿನ ಗಿರಿಜಮ್ಮ ಒಪ್ಪಲಿಲ್ಲ. "ನಾಳೆ ಪೇಷೆಂಟ್ ಬಂದು ರಿಪೋರ್ಟ್ ಕೇಳಿದ್ರೆ ಹಾರ ತೋರಿಸ್ಲಾ ಡಾಕ್ಟ್ರೇ?" ಎನ್ನುತ್ತ ಗುಂಡಿ ಒತ್ತಿಯೇ ಬಿಟ್ಟರು.

ಕಪ್ಪು ಪರದೆ, ಬೂಟ್ ಆಗುತ್ತಿಲ್ಲವೆಂಬ ಒಂದು ಸಾಲು. ರೋಗಿಗಳ ದಾಖಲೆಗಳೆಲ್ಲ ಒಳಗೆ ಬಂದಿದ್ದವು. ಯಂತ್ರವನ್ನು ಎಬ್ಬಿಸಬೇಕಾದ ಬೂಟ್ ಲೋಡರ್ ಮಾತ್ರ ಹಳೇ ಕಾಲದ ಬಗೆಯದು. ಹೊಸ ಯಂತ್ರಕ್ಕೆ ಅದರ ಗುರುತೇ ಇಲ್ಲ.

"ಡೇಟಾ ಎಲ್ಲಾ ಇದೆ ಮೇಡಂ, ಏಳ್ತಿಲ್ಲ ಅಷ್ಟೇ," ಎಂದ ಡೀಲರ್.

"ಅಂಥವರನ್ನ ನಾವು ಐಸಿಯುಗೆ ಹಾಕ್ತೀವಿ, ಮನೆಗೆ ಕಳಿಸಲ್ಲ," ಎಂದ ಗಿರಿಜಮ್ಮ ಹಳೇ ಸರ್ವರನ್ನು ಆಟೋದಿಂದ ಇಳಿಸಿಕೊಂಡು ಬಂದು, ಹೊಸದರ ಹಾರ ತೆಗೆದು ಅದಕ್ಕೆ ಹಾಕಿದರು.